ಸೆಟ್ ನಡುವಿನ ಆ ಒಂದೂವರೆ ನಿಮಿಷ

ಭುಜನೋವು ಅಂತ ನನ್ನ ಹತ್ತಿರ ಬಂದಿದ್ದ ಹುಡುಗನ ಜೊತೆ ಒಮ್ಮೆ ಅವನ ಜಿಮ್‌ಗೇ ಹೋದೆ. ಬೆಂಚ್ ಮೇಲೆ ಮಲಗಿ ಬಾರ್ ಎತ್ತುವ ಬೆಂಚ್ ಪ್ರೆಸ್ ಒಂದು ಸೆಟ್ ಮುಗಿಸಿದ. ಎದ್ದವನೇ ಬಾಗಿಲ ಚೌಕಟ್ಟಿಗೆ ಮೊಣಕೈ ಕೊಟ್ಟು, ಎದೆ ಮುಂದಕ್ಕೆ ತಳ್ಳಿ ಸ್ಟ್ರೆಚ್ ಮಾಡುತ್ತಾ ನಿಂತ. ಗಡಿಯಾರ ನೋಡಿಕೊಂಡು ಒಂದೂವರೆ ನಿಮಿಷ. ಮೊದಲ ಸೆಟ್‌ನಲ್ಲಿ 10 ಸಲ ಎತ್ತಿದ್ದ ತೂಕ, ಎರಡನೇ ಸಲ 7ಕ್ಕೇ ನಿಂತಿತು. ಆಮೇಲೆ 5.

"ರಾತ್ರಿ ನಿದ್ದೆ ಸರಿ ಆಗಿಲ್ಲ ಮೇಡಂ" ಅಂದ.

ನಿದ್ದೆಯೂ ಇರಬಹುದು. ಆದರೆ ನನ್ನ ಅನುಮಾನ ಆ ಚೌಕಟ್ಟಿನ ಮೇಲೆ. ಒಂದೇ ಸ್ನಾಯುವನ್ನು ಅಲುಗಾಡದೆ ಒಂದು ನಿಮಿಷಕ್ಕಿಂತ ಜಾಸ್ತಿ ಎಳೆದು ಹಿಡಿದರೆ, ಸ್ವಲ್ಪ ಹೊತ್ತು ಅದರ ಬಲ ಇಳಿಯುತ್ತದೆ. ಬಿಗಿ ಸಡಿಲವಾಗುತ್ತದೆ, ನರಗಳಿಂದ ಬರುವ ಚುರುಕೂ ತಗ್ಗುತ್ತದೆ. ಅಷ್ಟೇ ಅಲ್ಲ, ಭಾರಿ ಸೆಟ್‌ನಲ್ಲಿ ಖರ್ಚಾದ ಶಕ್ತಿ ಬಹುಪಾಲು ತುಂಬಿಕೊಳ್ಳಲು 2ರಿಂದ 3 ನಿಮಿಷ ಬೇಕು. ಬಲವಾಗಿ ಎಳೆದು ಹಿಡಿದಿರುವಷ್ಟು ಹೊತ್ತು ಆ ಸ್ನಾಯುವಿಗೆ ರಕ್ತ ಹರಿಯುವುದೇ ಕಡಿಮೆ. ವಿಶ್ರಾಂತಿ ಅಂದುಕೊಂಡು ನಾವು ವಿಶ್ರಾಂತಿಯನ್ನೇ ಕಸಿದುಕೊಳ್ಳುತ್ತೇವೆ. 20–30 ಸೆಕೆಂಡ್ ಹಗುರವಾಗಿ ಎಳೆದರೆ ಇಷ್ಟು ತೊಂದರೆ ಇಲ್ಲ.

ನನಗೆ ಹೆಚ್ಚು ಚಿಂತೆಯಾದದ್ದು ಬೇರೆ ವಿಷಯಕ್ಕೆ. "ಎಲ್ಲಿ ಎಳೀತಾ ಇದೆ, ಒಂದೇ ಬೆರಳಲ್ಲಿ ತೋರಿಸಿ" ಅಂದೆ. ಬೆರಳು ಎದೆಯ ಮೇಲೆ ಹೋಗಲಿಲ್ಲ, ಭುಜದ ಕೀಲಿನ ಮುಂಭಾಗಕ್ಕೆ ಹೋಯಿತು. ಅವನು ನೋವು ಅಂತ ತೋರಿಸಿದ್ದ ಜಾಗವೇ ಅದು! ಎಳೆತ ಬೀಳುತ್ತಿದ್ದದ್ದು ಎದೆಯ ಸ್ನಾಯುವಿಗಲ್ಲ, ಕೀಲಿಗೆ. ತೊಡೆಯ ಹಿಂಭಾಗಕ್ಕೂ ಈ ಪರೀಕ್ಷೆ ಮಾಡಿ ನೋಡಿ. ಎಳೆದಾಗ ಪಾದದವರೆಗೆ ಜುಮ್ ಅಂದರೆ ಅದು ಬಹುಶಃ ನರ. ಅದನ್ನು ಇನ್ನೂ ಎಳೆಯಬೇಡಿ, ದಯವಿಟ್ಟು.

ಹಾಗಂತ ಸೆಟ್ ನಡುವೆ ಸುಮ್ನೆ ಕೂತಿರಿ ಅಂತಲ್ಲ. ಸ್ಕ್ವಾಟ್, ಅಂದರೆ ಬಸ್ಕಿ, ಮಾಡುವಾಗ ಹಿಮ್ಮಡಿ ಏಳುತ್ತಿದ್ದರೆ, ಗೋಡೆ ಎದುರು ನಿಂತು ಹಿಮ್ಮಡಿ ಊರಿ, ಮಂಡಿಯನ್ನು ಗೋಡೆಗೆ ಮುಟ್ಟಿಸಿ ಬಿಡಿ, ಎಂಟು ಹತ್ತು ಸಲ. ಹಿಡಿದು ನಿಲ್ಲಬೇಡಿ.

ಗರಡಿಮನೆಯ ದಂಡ ನೆನಪಿಸಿಕೊಳ್ಳಿ. ಸೊಂಟ ಹಿಂದಕ್ಕೆ ಹೋದಾಗ ತೊಡೆ, ಮೀನಖಂಡ ಎಳೆಯುತ್ತವೆ. ಎದೆ ನೆಲ ಸವರಿ ಮೇಲೆದ್ದಾಗ ಹೊಟ್ಟೆ ಎಳೆಯುತ್ತದೆ. ಎಳೆತವೂ ಬಲವೂ ಒಂದೇ ಚಲನೆಯಲ್ಲಿವೆ, ಅಲ್ವಾ? ಬಾರ್ ಅನ್ನು ನಿಧಾನವಾಗಿ, ಪೂರ್ತಿ ಕೆಳಗಿಳಿಸಿದರೂ ಸ್ನಾಯು ಹಾಗೇ ಎಳೆಯುತ್ತದೆ. ಅರ್ಧಕ್ಕೇ ನಿಲ್ಲಿಸದೆ ಪೂರ್ತಿ ಚಲನೆಯಲ್ಲಿ ತೂಕ ಎತ್ತುವವರ ಮೈ, ಬರೀ ಸ್ಟ್ರೆಚ್ ಮಾಡುವವರ ಮೈಯಷ್ಟೇ ಸಡಿಲವಾಗುತ್ತದೆ ಅನ್ನುವುದು ಅಧ್ಯಯನಗಳಲ್ಲೂ ಕಂಡಿದೆ.

ಆ ಹುಡುಗನಿಗೆ ಸ್ಟ್ರೆಚ್ ಇಷ್ಟ. ಬಿಡಿಸಲಿಲ್ಲ. ಈಗ ಸೆಟ್ ನಡುವೆ ನೀರಿನ ಬಾಟಲಿವರೆಗೆ ಕೈ ಬೀಸುತ್ತಾ ನಡೆದು ಬರುತ್ತಾನೆ. ಚೌಕಟ್ಟಿನ ಹತ್ತಿರ ಹೋಗುವುದು ಕೊನೆಯ ಸೆಟ್ ಆದ ಮೇಲೆ, ಅದೂ ಮೊಣಕೈಯನ್ನು ಭುಜಕ್ಕಿಂತ ನಾಲ್ಕು ಬೆರಳು ಕೆಳಗಿಟ್ಟು.