7050 ತಗೋಬೇಕಾ, 7060 ತಗೋಬೇಕಾ: ಹಳೆ ಆಫೀಸ್ ಡೆಸ್ಕ್‌ಟಾಪ್ ಆರಿಸುವವರಿಗೆ ನನ್ನ ಟಿಪ್ಪಣಿ

ನಮ್ಮ ಓದುವ ಗುಂಪಿನಲ್ಲಿ ಟ್ಯಾಲಿ, ನುಡಿ ಟೈಪಿಂಗ್, ಸ್ವಲ್ಪ ಪೈಥಾನ್ ಕಲಿಯುವವರೇ ಜಾಸ್ತಿ. ಹೊಸ ಕಂಪ್ಯೂಟರ್ ಎಲ್ಲರ ಕೈಗೂ ಎಟುಕುವುದಿಲ್ಲ. ಕಂಪನಿಗಳು ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳು ಹೈದರಾಬಾದ್ ಕಡೆಯಿಂದ ಕಲಬುರಗಿಗೆ ಬರುತ್ತವೆ, ಸೂಪರ್ ಮಾರ್ಕೆಟ್ ಸುತ್ತ ವಿಚಾರಿಸಿದರೆ ಸಿಗುತ್ತವೆ. ಈಗ ಎದುರಿಗಿರುವ ಆಯ್ಕೆ ಇದು. ಒಂದು ಡೆಲ್ ಆಪ್ಟಿಪ್ಲೆಕ್ಸ್ 7050, ಒಳಗೆ ಐ7-7700 ಪ್ರೊಸೆಸರ್, 16 ಜಿಬಿ ರ‍್ಯಾಮ್. ಇನ್ನೊಂದು ಆಪ್ಟಿಪ್ಲೆಕ್ಸ್ 7060, ಐ5-8500, 8 ಜಿಬಿ ರ‍್ಯಾಮ್. ಎರಡೂ ಚಿಕ್ಕ ಕ್ಯಾಬಿನೆಟ್ಟಿನ ಎಸ್‌ಎಫ್‌ಎಫ್ ಮಾದರಿ, ಎರಡಕ್ಕೂ 256 ಜಿಬಿ ಎಸ್‌ಎಸ್‌ಡಿ, ಬೆಲೆಯೂ ಹತ್ತಿರಹತ್ತಿರ.

ನೋಡಿದವರೆಲ್ಲ ಮೊದಲನೆಯದಕ್ಕೇ ಕೈ ಹಾಕುತ್ತಾರೆ. ನಾನು ಎರಡನೆಯದನ್ನೇ ತಗೊಳ್ಳಿ ಅನ್ನುತ್ತೇನೆ. ಯಾಕೆಂದು ಕೆಳಗೆ ಬರೆದಿದ್ದೇನೆ.

ಗಿಗಾಹರ್ಟ್ಸ್ ನೋಡಿ ಹೆದರಬೇಡಿ

ಪ್ರೊಸೆಸರ್ ಹೆಸರಿನಲ್ಲಿ ಅಡ್ಡಗೆರೆ ಆದಮೇಲೆ ಬರುವ ಮೊದಲ ಅಂಕಿ ಅದರ ತಲೆಮಾರು (ಜನರೇಷನ್). 7700 ಅಂದರೆ ಏಳನೇದು, 2017ರ ಸರಕು. 8500 ಅಂದರೆ ಎಂಟನೇದು, 2018ರದ್ದು. 10500 ಥರ ಐದಂಕಿ ಇದ್ದರೆ ಮೊದಲ ಎರಡಂಕಿ ಓದಿ. ಇಷ್ಟು ಸಾಕು.

ಐ7-7700ರ ಮೇಲೆ 3.6 ಗಿಗಾಹರ್ಟ್ಸ್ ಅಂತ, ಐ5-8500ರ ಮೇಲೆ 3.0 ಅಂತ ಇರುತ್ತದೆ. ಅದು ಮೂಲ ವೇಗ, 65 ವಾಟ್ ಶಾಖದ ಮಿತಿಯೊಳಗೆ ಎಷ್ಟು ಹೊತ್ತಾದರೂ ಕೊಡುವ ವೇಗ. ತಂಪು ಸರಿಯಾಗಿದ್ದರೆ ಎರಡೂ ಅದಕ್ಕಿಂತ ಮೇಲೇ ಓಡುತ್ತವೆ. ಎಲ್ಲ ಕೋರ್ (ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕ) ಒಟ್ಟಿಗೆ ದುಡಿಯುವಾಗ 7700ರ ಗರಿಷ್ಠ ವೇಗ 4.0, 8500ರದ್ದು 3.9. ಚೀಟಿಯಲ್ಲಿ ದೊಡ್ಡದಾಗಿ ಕಂಡ ವ್ಯತ್ಯಾಸ ಕೆಲಸದಲ್ಲಿ ಕಾಣುವುದೇ ಇಲ್ಲ.

ಇನ್ನು ಕೋರ್ ಮತ್ತು ಥ್ರೆಡ್ (ಒಂದೇ ಹೊತ್ತಿಗೆ ಕೈಗೆತ್ತಿಕೊಳ್ಳುವ ಕೆಲಸದ ಸಾಲು). 7700ರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. 8500ರಲ್ಲಿ ಆರು ಕೋರ್, ಆರೇ ಥ್ರೆಡ್. ಜೋಳದ ರೊಟ್ಟಿ ಬಡಿಯುವವರು ನಾಲ್ಕೇ ಜನ, ಒಬ್ಬೊಬ್ಬರ ಮುಂದೆ ಎರಡೆರಡು ಹಂಚು: ಅದು 7700. ಆರು ಜನ, ಒಬ್ಬೊಬ್ಬರಿಗೆ ಒಂದೊಂದೇ ಹಂಚು: ಇದು 8500. ಎರಡನೇ ಹಂಚಿನಿಂದ ಖಾಲಿ ಕೂರುವ ಹೊತ್ತು ಕಡಿಮೆಯಾಗುತ್ತದೆ, ಕೈ ಮಾತ್ರ ಹೆಚ್ಚಾಗುವುದಿಲ್ಲ. ನಮ್ಮ ಕೆಲಸಕ್ಕೆ ಎರಡೂ ಸರಿಸಮ. ಐ7 ಎಂಬ ಹೆಸರಿಗೆ ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ.

ಸಾಕೆಟ್ ಒಂದೇ, ಆದರೂ ಕೂರುವುದಿಲ್ಲ

ನನ್ನ ತಲೆ ತಿಂದದ್ದು ಇದೇ, ಹಾಗಾಗಿ ಬಿಡಿಸಿ ಬರೆಯುತ್ತೇನೆ. ಅಂಗಡಿಯಲ್ಲಿ ಸಿಗುವ ಮಾತು: "ಈಗ 7050 ಒಯ್ರಿ, ಮುಂದ ಬೇಕಂದ್ರ ಎಂಟನೇ ಜನರೇಷನ್ ಪ್ರೊಸೆಸರ್ ಹಾಕಿದ್ರಾತು. ಸಾಕೆಟ್ ಎರಡಕ್ಕೂ ಒಂದೇ ಅದ." ಸಾಕೆಟ್ಟಿನ, ಅಂದರೆ ಕಂಪ್ಯೂಟರಿನ ಮುಖ್ಯ ಬೋರ್ಡಿನಲ್ಲಿ (ಮದರ್‌ಬೋರ್ಡ್) ಪ್ರೊಸೆಸರ್ ಕೂರುವ ಜಾಗದ, ಹೆಸರು ಎರಡರಲ್ಲೂ ಎಲ್‌ಜಿಎ1151 ಎಂಬುದು ನಿಜ. ಎರಡರಲ್ಲೂ 1151 ಪಿನ್ ಇರುವುದೂ ನಿಜ. ಆದರೂ ಆ ಮಾತು ನಡೆಯುವುದಿಲ್ಲ.

ಈ ಸಾಕೆಟ್‌ಗಳಲ್ಲಿ ಪಿನ್ ಇರುವುದು ಮದರ್‌ಬೋರ್ಡಿನಲ್ಲಿ. ಪ್ರೊಸೆಸರಿನ ತಳದಲ್ಲಿ ಇರುವುದು ಬರೀ ಚಪ್ಪಟೆ ಚುಕ್ಕೆಗಳು. ಯಾವ ಪಿನ್ ಯಾವ ಕೆಲಸಕ್ಕೆ ಎಂಬ ಹಂಚಿಕೆಯನ್ನು ಇಂಟೆಲ್ ಎಂಟನೇ ತಲೆಮಾರಿಗೆ ಬದಲಿಸಿತು. ಮೇನ್‌ಸ್ಟ್ರೀಮ್ ಡೆಸ್ಕ್‌ಟಾಪ್ ಪ್ರೊಸೆಸರ್ ನಾಲ್ಕು ಕೋರಿನಿಂದ ಆರಕ್ಕೆ ಏರಿತ್ತು, ಒಳಗೆ ಹೋಗುವ ಕರೆಂಟೂ ಹೆಚ್ಚಾಗಬೇಕಿತ್ತು. ಹಳೆ ಹಂಚಿಕೆಯಲ್ಲಿ ಕೆಲಸ ಕೊಡದೆ ಕಾದಿರಿಸಿದ್ದ ಎಷ್ಟೋ ಪಿನ್‌ಗಳು ಹೊಸದರಲ್ಲಿ ವಿದ್ಯುತ್ತಿಗೂ ಗ್ರೌಂಡಿಗೂ ಹೋದವು. ಆಕಾರ ನೋಡಿದರೆ ಕೂತ ಹಾಗೇ ಕಾಣುತ್ತದೆ, ಒಳಗಿನ ಲೆಕ್ಕ ಬೇರೆ.

ಎರಡನೇ ತಡೆ ಚಿಪ್‌ಸೆಟ್ (ಪ್ರೊಸೆಸರಿಗೂ ಉಳಿದ ಭಾಗಗಳಿಗೂ ಸಂಪರ್ಕ ಕೊಡುವ ಬೋರ್ಡಿನ ಚಿಪ್) ಮತ್ತು ಬಯೋಸ್ (ಯಂತ್ರ ಆನ್ ಆದಾಗ ಮೊದಲು ಓಡುವ ಬೋರ್ಡಿನದೇ ಪ್ರೋಗ್ರಾಮ್). 7050ರ ಬೋರ್ಡಿನಲ್ಲಿ ಇರುವುದು ಕ್ಯೂ270 ಚಿಪ್‌ಸೆಟ್. ಅದರ ಬಯೋಸ್ ಆರು ಮತ್ತು ಏಳನೇ ತಲೆಮಾರನ್ನು ಮಾತ್ರ ಗುರುತಿಸುತ್ತದೆ. 7060ರಲ್ಲಿ ಕ್ಯೂ370. ಅಂದರೆ ಐ7-7700 ಇರುವ 7050 ಆಗಲೇ ತನ್ನ ತುದಿ ಮುಟ್ಟಿಯಾಗಿದೆ. ಐ5-8500 ಇರುವ 7060ಗೆ ಮುಂದೆ ಆರು ಕೋರ್, ಹನ್ನೆರಡು ಥ್ರೆಡ್ಡಿನ ಐ7-8700 ಹಾಕಬಹುದು. ಒಂದರಲ್ಲಿ ದಾರಿ ಮುಗಿದಿದೆ, ಇನ್ನೊಂದರಲ್ಲಿ ಬಾಕಿ ಇದೆ.

ರ‍್ಯಾಮ್ ಮಾತು ಇದರ ತದ್ವಿರುದ್ಧ. ಎರಡಕ್ಕೂ ಒಂದೇ ಡಿಡಿಆರ್4, ಉದ್ದನೆಯ ಡೆಸ್ಕ್‌ಟಾಪ್ ಸ್ಟಿಕ್. 7060ರ 8 ಜಿಬಿಗೆ ಇನ್ನೊಂದು 8 ಜಿಬಿ ಸೇರಿಸುವುದು ಸ್ಕ್ರೂಡ್ರೈವರ್ ಹಿಡಿಯಲು ಬಂದ ಯಾರಿಗಾದರೂ ಆಗುವ ಕೆಲಸ, ಎರಡು ಸ್ಟಿಕ್ಕಾದರೆ ಎರಡನ್ನೂ ಒಟ್ಟಿಗೆ ಬಳಸಿ ವೇಗ ಹೆಚ್ಚಿಸುವ ಡ್ಯುಯಲ್ ಚಾನೆಲ್ಲಿನ ಲಾಭವೂ ಸಿಗುತ್ತದೆ. ಬದಲಿಸಲು ಸುಲಭವಾದದ್ದನ್ನು ನೋಡಿ ಬದಲಿಸಲಾಗದ್ದನ್ನು ಆರಿಸಬಾರದು.

ವಿಂಡೋಸ್ 11

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್‌ನ ಮಾಮೂಲಿ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಶುರುವಾಗುವುದೇ ಎಂಟನೇ ತಲೆಮಾರಿನಿಂದ. "7050ರಲ್ಲಿ ಟಿಪಿಎಂ 2.0 ಇದೆಯಲ್ಲ" ಎಂದು ಗುಂಪಿನಲ್ಲಿ ಕೇಳಿದರು. ಇದ್ದರೂ ಸಾಲದು. ಟಿಪಿಎಂ, ಅಂದರೆ ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಚಿಪ್, ಒಂದು ಷರತ್ತು, ಪ್ರೊಸೆಸರ್ ಪಟ್ಟಿ ಇನ್ನೊಂದು, ಎರಡೂ ದಾಟಬೇಕು. ಅಡ್ಡದಾರಿಯಲ್ಲಿ ಹಾಕಿಕೊಡುವವರು ಇದ್ದಾರೆ, ಓಡುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಅಂಗಡಿ ಲೆಕ್ಕ, ಜನರ ಆಧಾರ್ ಕಾಗದ ಇಟ್ಟುಕೊಳ್ಳುವ ಯಂತ್ರಕ್ಕೆ ನಾನಂತೂ ಅದನ್ನು ಹೇಳಲಾರೆ.

ಬರೀ ಲಿನಕ್ಸ್ ಮೇಲೆ ಪ್ರೋಗ್ರಾಮಿಂಗ್ ಕಲಿಯುವವರ ಮಾತು ಬೇರೆ. 7050 ಚೆನ್ನಾಗಿ ಅಗ್ಗಕ್ಕೆ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಟ್ಯಾಲಿ, ನುಡಿ ಬೇಕಾದವರು ವಿಂಡೋಸ್ ಬಿಡುವ ಹಾಗಿಲ್ಲ.

ಅಂಗಡಿಯಲ್ಲಿ ನಿಂತು ನೋಡುವುದು

ಮೇಲಂಟಿಸಿದ ಐ7 ಸ್ಟಿಕ್ಕರ್ ನಂಬಬೇಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ಗೆ ಹೋದರೆ ಪ್ರೊಸೆಸರಿನ ಪೂರ್ತಿ ಹೆಸರು, ಎಷ್ಟು ಕೋರ್, ರ‍್ಯಾಮ್ ಎಷ್ಟು ಸ್ಲಾಟಿನಲ್ಲಿದೆ ಎಲ್ಲ ಕಾಣುತ್ತದೆ. ಹೆಸರಿನ ಕೊನೆಗೆ ಟಿ ಅಕ್ಷರ ಇದ್ದರೆ ಅದು 35 ವಾಟಿನ ನಿಧಾನದ ಮಾದರಿ. 8500ಟಿಯ ಮೂಲ ವೇಗ 2.1 ಮಾತ್ರ. ಕ್ಯಾಬಿನೆಟ್ ಮೇಲೆ ಏಳು ಅಕ್ಷರ-ಅಂಕಿಗಳ ಸರ್ವಿಸ್ ಟ್ಯಾಗ್ ಇರುತ್ತದೆ. ಡೆಲ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಯಂತ್ರ ಕಾರ್ಖಾನೆಯಿಂದ ಏನೇನು ಹೊತ್ತು ಬಂದಿತ್ತು ಎಂದು ತೋರಿಸುತ್ತದೆ.

ಆಮೇಲೆ ರೀಸ್ಟಾರ್ಟ್ ಮಾಡಿ ಎಫ್2 ಒತ್ತಿ. ಬಯೋಸ್ ಪಾಸ್‌ವರ್ಡ್ ಕೇಳಿದರೆ ಅಲ್ಲೇ ತೆಗೆಸಿ. ಸೆಕ್ಯುರಿಟಿ ಭಾಗದಲ್ಲಿ ಕಂಪ್ಯೂಟ್ರೇಸ್ (ಕಳೆದ ಯಂತ್ರ ಪತ್ತೆಹಚ್ಚುವ ವ್ಯವಸ್ಥೆ) ಆಕ್ಟಿವೇಟ್ ಆಗಿದ್ದರೆ ಆ ಯಂತ್ರ ಬೇಡ, ಹಳೆ ಕಂಪನಿಯ ಕಣ್ಗಾವಲು ಇನ್ನೂ ಅದರ ಮೇಲಿದೆ ಎಂದರ್ಥ. ಎಫ್12 ಒತ್ತಿದರೆ ಡಯಾಗ್ನೋಸ್ಟಿಕ್ಸ್ ಸಿಗುತ್ತದೆ. ರ‍್ಯಾಮ್, ಫ್ಯಾನ್, ಡಿಸ್ಕ್ ಅದೇ ತಪಾಸಿಸುತ್ತದೆ.

ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುವ ನಮ್ಮೂರಿಗೆ ಇನ್ನೊಂದು ಪರೀಕ್ಷೆ ಬೇಕೇ ಬೇಕು. ಎಲ್ಲ ಕೋರಿಗೂ ಕೆಲಸ ಕೊಡುವ ಯಾವುದಾದರೂ ಪ್ರೋಗ್ರಾಮ್ ಹತ್ತು ನಿಮಿಷ ಓಡಿಸಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಪೀಡ್ ನೋಡುತ್ತಿರಿ. 8500 ಮೊದಲು 3.9ರ ಆಸುಪಾಸು ಇದ್ದು, ಆಮೇಲೆ ಸ್ವಲ್ಪ ಇಳಿದರೂ ಚಿಂತೆಯಿಲ್ಲ. 3.0ಗಿಂತ ಕೆಳಗೆ ಬಿದ್ದರೆ ಕೂಲರಿನಲ್ಲಿ ಧೂಳು ಕೂತಿದೆ, ಇಲ್ಲವೇ ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿದೆ. ಶುಚಿ ಮಾಡಿಸಿ, ಹೊಸ ಪೇಸ್ಟ್ ಹಚ್ಚಿಸಿಯೇ ದುಡ್ಡು ಕೊಡಿ.

ಪವರ್ ಸಪ್ಲೈ ಬಗ್ಗೆಯೂ ಎಚ್ಚರ. ಈ ಎಸ್‌ಎಫ್‌ಎಫ್ ಡಬ್ಬಿಗಳಲ್ಲಿ ಇರುವುದು ಡೆಲ್ಲಿನದೇ ಅಳತೆಯದು. ಪೇಟೆಯಲ್ಲಿ ಸಿಗುವ ಮಾಮೂಲಿ ಎಟಿಎಕ್ಸ್ ಅಳತೆಯ ಎಸ್‌ಎಂಪಿಎಸ್ (ಪವರ್ ಸಪ್ಲೈ) ಇದರೊಳಗೆ ಹಿಡಿಸುವುದೂ ಇಲ್ಲ, ಅದರ ಪ್ಲಗ್ಗೂ ಕೂರುವುದಿಲ್ಲ. ಕರೆಂಟಿನ ಏರಿಳಿತಕ್ಕೆ ಅದು ಸುಡದಿರಲಿ ಎಂದು ಯುಪಿಎಸ್ ಖರ್ಚನ್ನು ಯಂತ್ರದ ಬೆಲೆಯಲ್ಲೇ ಸೇರಿಸಿಕೊಳ್ಳಿ. ಮುಚ್ಚಳ ತೆಗೆದಾಗ ಪವರ್ ಸಪ್ಲೈ ಮೇಲಿನ ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಸುಟ್ಟುಹೋದ ದಿನ ಆ ಪಾರ್ಟ್ ನಂಬರ್ ಕೊಟ್ಟೇ ಹೈದರಾಬಾದಿನಿಂದ ತರಿಸಬೇಕಾಗುತ್ತದೆ.