ಟಿವಿ ಪಕ್ಕಕ್ಕೆ ಹಳೇ ಮಿನಿ ಪಿಸಿ: ಕೊಳ್ಳುವ ಮುಂಚೆ ನಂಬರ್ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಹಾಕಬೇಕೆಂದರೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಶನ್‌ನಿಂದ ಮೇಲಿನ ಪ್ರೊಸೆಸರೇ ಬೇಕು. ಹಾಗಾಗಿ ಆಫೀಸುಗಳಲ್ಲಿ ಮಾನಿಟರ್ ಹಿಂದೆ ಕೂತಿದ್ದ ಪುಟ್ಟ ಡಬ್ಬಿಗಳು ಈಗ ಹೊರಗೆ ಬರುತ್ತಿವೆ. ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೀಟ್‌ಡೆಸ್ಕ್ ಮಿನಿ ಇಂಥವು. ಬೆಂಗಳೂರಿನ ಎಸ್‌.ಪಿ. ರೋಡ್ ಕಡೆ ಹೋದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಗುಜರಿಗೆ ಹೋಗುವ ಬದಲು ಟಿವಿ ಪಕ್ಕಕ್ಕೆ ಬಂದರೆ ಒಳ್ಳೆಯದೇ.

ಇವನ್ನು ರೆಡಿ ಮಾಡಿಸಿಕೊಳ್ಳಲು ಬರುವವರು ಮೊದಲು ಕೇಳುವುದು ಒಂದೇ: “ಸರ್, ಐ5 ಅಲ್ವಾ, ಗೇಮ್ ಎಲ್ಲಾ ಓಡುತ್ತೆ ತಾನೇ?” ಓಡುತ್ತೆ. ಯೋಚನೆ ಮಾಡಬೇಕಾದ್ದು ಗೇಮ್ ಬಗ್ಗೆ ಅಲ್ಲ, ಹೋದ ತಿಂಗಳು ಮೊಬೈಲಿನಲ್ಲಿ ತೆಗೆದ ನಾಮಕರಣದ ವಿಡಿಯೊ ಬಗ್ಗೆ.

ಹಳೇ ಆಟಗಳು ತುಂಬಾ ಹಗುರ. ತೊಂಬತ್ತರ ದಶಕದಲ್ಲಿ ಮನೆಮನೆಯಲ್ಲಿ ಕ್ಯಾಸೆಟ್ ಸಿಕ್ಕಿಸಿ ಮಾರಿಯೊ, ಕಾಂಟ್ರಾ ಆಡುತ್ತಿದ್ದೆವಲ್ಲ, ಆ ಮೂಲ ನಿಂಟೆಂಡೊ ಯಂತ್ರದ ಪ್ರೊಸೆಸರ್ ವೇಗ 2 ಮೆಗಾಹರ್ಟ್ಸ್ ಕೂಡ ಇರಲಿಲ್ಲ. ಅಂಗಡಿಗಳಲ್ಲಿ ಕಾಸು ಹಾಕಿ ಆಡಿದ ‘ಮುಸ್ತಫಾ’ ಕ್ಯಾಪ್‌ಕಾಮ್ ಕಂಪನಿಯ 1993ರ ಆಟ. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇವನ್ನೆಲ್ಲ ನಾಲ್ಕನೇ ಜನರೇಶನ್ ಡಬ್ಬಿಯೂ ಆರಾಮಾಗಿ ಓಡಿಸುತ್ತದೆ. ಪ್ಲೇಸ್ಟೇಷನ್ 1, ಪಿಎಸ್‌ಪಿ ತನಕ ತೊಂದರೆ ಇಲ್ಲ. ಪ್ಲೇಸ್ಟೇಷನ್ 2ರಲ್ಲಿ ಕೆಲವು ಆಟ ಓಡುತ್ತವೆ, ಕೆಲವು ತಡವರಿಸುತ್ತವೆ. ಅದಕ್ಕಿಂತ ಮುಂದಿನದನ್ನು ಈ ಡಬ್ಬಿಯಲ್ಲಿ ಕೇಳಬೇಡಿ.

ಆಟಕ್ಕೆ ನಾನು ಬಟೋಸೆರಾ ಹಾಕಿಕೊಡುತ್ತೇನೆ. ಇದು ಹಳೇ ಆಟದ ಯಂತ್ರಗಳನ್ನು ಅನುಕರಿಸುವ ಎಮ್ಯುಲೇಟರ್‌ಗಳನ್ನು ಒಟ್ಟಿಗೆ ಕೊಡುವ ಉಚಿತ ಸಾಫ್ಟ್‌ವೇರ್. ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತದೆ, ಒಳಗಿನ ಡಿಸ್ಕ್ ಮುಟ್ಟುವುದೇ ಬೇಡ. ಬಯೋಸ್‌ನಲ್ಲಿ, ಅಂದರೆ ಪಿಸಿಯ ಮೂಲ ಸೆಟ್ಟಿಂಗ್ಸ್‌ನಲ್ಲಿ, ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಸಾಕು. ಆದರೆ ಆಟದ ಫೈಲುಗಳನ್ನು ನಾನು ತುಂಬಿಕೊಡುವುದಿಲ್ಲ. ಎಮ್ಯುಲೇಟರ್ ಬೇರೆ, ಆಟದ ಕಾಪಿರೈಟ್ ಬೇರೆ. ‘ಹತ್ತು ಸಾವಿರ ಗೇಮ್ ಫ್ರೀ’ ಅಂತ ಡಿಸ್ಕ್ ಮಾರುವವರು ಈ ವಿಷಯ ಹೇಳುವುದಿಲ್ಲ.

“ಮಾರಿಯೊ ಲೇಟಾಗಿ ಹಾರುತ್ತಾನೆ” ಅಂತ ಫೋನ್ ಬರುತ್ತದೆ. ಅದು ಸಾಮಾನ್ಯವಾಗಿ ಡಬ್ಬಿಯ ತಪ್ಪಲ್ಲ. ಟಿವಿ ಚಿತ್ರವನ್ನು ನುಣುಪು ಮಾಡಿ ತೋರಿಸಲು ಸಮಯ ತೆಗೆದುಕೊಳ್ಳುತ್ತದೆ. ಟಿವಿ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಆನ್ ಮಾಡಿ. ಬಾತುಕೋಳಿ ಹೊಡೆಯುವ ಹಳೇ ಗನ್ ಮಾತ್ರ ಯಾವ ಮೋಡ್ ಹಾಕಿದರೂ ಕೆಲಸ ಮಾಡದು. ಅದು ಪಿಕ್ಚರ್ ಟ್ಯೂಬ್ ಟಿವಿ ಗೆರೆಗೆರೆಯಾಗಿ ಚಿತ್ರ ಬರೆಯುವ ವೇಗವನ್ನೇ ನಂಬಿಕೊಂಡಿತ್ತು.

ಈಗ ವಿಡಿಯೊಗೆ ಬರೋಣ. ಪ್ರೊಸೆಸರ್ ಹೆಸರಿನಲ್ಲಿ ಐ5 ಆದ ಮೇಲೆ ಬರುವ ನಂಬರ್ ನೋಡಿ. 4570ಟಿ ಅಂದರೆ ನಾಲ್ಕನೇ ಜನರೇಶನ್, 6500ಟಿ ಆರನೆಯದು, 7500ಟಿ ಏಳನೆಯದು. ವಿಡಿಯೊವನ್ನು ಕುಗ್ಗಿಸಿಡುವ ವಿಧಾನಗಳು ಹಲವು. ಅವುಗಳಲ್ಲಿ ಹಳೆಯದಾದ ಎಚ್.264 ನಾಲ್ಕನೆಯದಕ್ಕೆ ಸಲೀಸು. ಈಗಿನ ಫೋನುಗಳು ಅದಕ್ಕಿಂತ ಹೊಸದಾದ ಎಚ್‌ಇವಿಸಿಯಲ್ಲೂ ರೆಕಾರ್ಡ್ ಮಾಡುತ್ತವೆ. ಅದನ್ನು ಬಿಡಿಸುವ ಯಂತ್ರಾಂಗ ಪೂರ್ತಿಯಾಗಿ ಬಂದದ್ದು ಆರನೆಯದರಲ್ಲಿ, ಅದೂ 8 ಬಿಟ್‌ಗೆ ಮಾತ್ರ (ಬಿಟ್ ಹೆಚ್ಚಾದಷ್ಟೂ ಬಣ್ಣದ ಛಾಯೆಗಳು ಹೆಚ್ಚು). 10 ಬಿಟ್ ಎಚ್‌ಇವಿಸಿ, ಜೊತೆಗೆ ಯೂಟ್ಯೂಬ್ ಬಳಸುವ ವಿಪಿ9 ಎರಡೂ ಸರಿಯಾಗಿ ಸಿಕ್ಕಿದ್ದು ಏಳನೆಯದರಲ್ಲಿ. ಇನ್ನೂ ಹೊಸದಾದ ಎವಿ1 ಬೇಕೆಂದರೆ ಹನ್ನೊಂದರವರೆಗೆ ಹೋಗಬೇಕು.

ಆ ಯಂತ್ರಾಂಗ ಇಲ್ಲದಿದ್ದರೆ ಏನಾಗುತ್ತದೆ? ಪ್ರೊಸೆಸರ್ ತಾನೇ ಕೂತು ಬಿಡಿಸುತ್ತದೆ. 1080ಪಿ ಆದರೆ ಹೇಗೋ ನಡೆಯುತ್ತದೆ. 4ಕೆ ಆದರೆ ಫ್ಯಾನ್ ಕಿರುಚುತ್ತದೆ, ಮಾತು ಮುಂದೆ ಹೋಗುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ. ಅನುಮಾನ ಬಂದರೆ ಕೋಡಿ ಎಂಬ ಉಚಿತ ಪ್ಲೇಯರ್‌ನಲ್ಲಿ ವಿಡಿಯೊ ಓಡುವಾಗ ಕೀಬೋರ್ಡಿನ ‘ಓ’ ಒತ್ತಿ. ಡಿಕೋಡರ್ ಹೆಸರಿನ ಪಕ್ಕ ‘ಎಚ್‌ಡಬ್ಲ್ಯೂ’ ಅಂತಿದ್ದರೆ ಚಿಪ್ ಕೆಲಸ ಮಾಡುತ್ತಿದೆ, ‘ಎಸ್‌ಡಬ್ಲ್ಯೂ’ ಅಂತಿದ್ದರೆ ಪ್ರೊಸೆಸರ್ ಒದ್ದಾಡುತ್ತಿದೆ. ಕೊಳ್ಳುವ ಮುಂಚೆ ನಿಮ್ಮ ಫೋನಿನ ಒಂದು ಕ್ಲಿಪ್ ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲೇ ಹಾಕಿ ನೋಡಿ.

ಒಟಿಟಿಗೆ ಅಂತ ಇದನ್ನು ತಗೊಳ್ಳಬೇಡಿ. ವಿಂಡೋಸ್ ಬದಲು ಲಿನಕ್ಸ್ ಹಾಕಿದ ಪಿಸಿಗೆ ನೆಟ್‌ಫ್ಲಿಕ್ಸ್ 4ಕೆ ಕೊಡುವುದಿಲ್ಲ. ಟಿವಿಯದೇ ಆ್ಯಪ್ ಅಥವಾ ಸಣ್ಣ ಸ್ಟಿಕ್ ಆ ಕೆಲಸಕ್ಕೆ ಮೇಲು.

ಈ ಡಬ್ಬಿ ನಿಜವಾಗಿ ಉಪಯೋಗಕ್ಕೆ ಬರುವುದು ಮನೆಯದೇ ವಿಡಿಯೊಗಳಿಗೆ. ಬೀರುವಿನಲ್ಲಿ ಮದುವೆಯ ವಿಸಿಡಿ, ಡಿವಿಡಿ ಇರುತ್ತವಲ್ಲ, ಅವು ಕೆಡುವ ಮೊದಲು ಕಾಪಿ ಮಾಡಿಕೊಳ್ಳಿ. ಯುಎಸ್‌ಬಿ ಡಿವಿಡಿ ಡ್ರೈವ್ ಸಾಕು. ವಿಸಿಡಿಯಲ್ಲಿ ಎಂಪೆಗ್‌ಎವಿ ಅನ್ನೋ ಫೋಲ್ಡರ್ ಇರುತ್ತದೆ. ಅದರೊಳಗಿನ ‘ಡ್ಯಾಟ್’ ಫೈಲೇ ನಿಮ್ಮ ಮದುವೆ. ಅಳತೆ ಬರೀ 352x288, ದೊಡ್ಡ ಟಿವಿಯಲ್ಲಿ ಮಸುಕಾಗಿಯೇ ಕಾಣುತ್ತದೆ. ಯಾವ ಸಾಫ್ಟ್‌ವೇರೂ ಅದನ್ನು 4ಕೆ ಮಾಡಲಾರದು. ಡಿವಿಡಿ ಇದಕ್ಕಿಂತ ವಾಸಿ. ಆದರೆ ಆರತಿ ಎತ್ತುವಾಗ ಕೈ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂತೆ ಗೆರೆ ಕಂಡರೆ ಪ್ಲೇಯರ್‌ನಲ್ಲಿ ಡಿಇಂಟರ್‌ಲೇಸ್ ಆನ್ ಮಾಡಿ. ಹಳೇ ಕ್ಯಾಮೆರಾ ಒಂದು ಫ್ರೇಮನ್ನು ಎರಡು ಕಂತಿನಲ್ಲಿ ತೆಗೆಯುತ್ತಿತ್ತು, ಅದಕ್ಕೇ ಹಾಗೆ. ಒಂದೇ ಟಿವಿಯಲ್ಲಿ ನೋಡುವುದಾದರೆ ಲಿಬ್ರೆಎಲೆಕ್ (ಕೋಡಿ ಓಡಿಸಲೆಂದೇ ಇರುವ ಪುಟ್ಟ ಲಿನಕ್ಸ್) ಮೇಲೆ ಕೋಡಿ ಸಾಕು. ಮನೆಯವರೆಲ್ಲ ಅವರವರ ಫೋನಿನಲ್ಲಿ ನೋಡಬೇಕೆಂದರೆ ಡಬ್ಬಿಯಿಂದ ಮನೆಯ ನೆಟ್‌ವರ್ಕ್ ಮೂಲಕ ವಿಡಿಯೊ ಕಳಿಸುವ ಜೆಲ್ಲಿಫಿನ್ ಹಾಕಿ.

ಕೊಳ್ಳುವಾಗ ಇನ್ನು ಕೆಲವು. ಬಯೋಸ್ ಪಾಸ್‌ವರ್ಡ್ ಇದೆಯಾ ಅಂತ ಅಂಗಡಿಯಲ್ಲೇ ಪರೀಕ್ಷಿಸಿ. ಆಫೀಸಿನವರು ಹಾಕಿಟ್ಟು ಮರೆತಿರುತ್ತಾರೆ. ಅದೇ ಕಂಪನಿಯ ಅಡಾಪ್ಟರ್ ಕೇಳಿ ಪಡೆಯಿರಿ. ಡೆಲ್‌ಗೆ ಪಿನ್ ಕೂರುತ್ತೆ ಅಂತ ಬೇರೆ ಅಡಾಪ್ಟರ್ ಹಾಕಿದರೆ ಅದು ಗುರುತು ಹಿಡಿಯದೆ ವೇಗ ಇಳಿಸಿಬಿಡುತ್ತದೆ. ಹಲವದರಲ್ಲಿ ಎಚ್‌ಡಿಎಂಐ ಇರುವುದಿಲ್ಲ, ಡಿಸ್‌ಪ್ಲೇಪೋರ್ಟ್ ಇರುತ್ತದೆ. ಅಗ್ಗದ ಕನ್ವರ್ಟರ್‌ನಲ್ಲಿ 4ಕೆ ಸಾಮಾನ್ಯವಾಗಿ 30 ಹರ್ಟ್ಸ್‌ಗೇ, ಅಂದರೆ ಸೆಕೆಂಡಿಗೆ 30 ಚಿತ್ರಕ್ಕೇ, ನಿಲ್ಲುತ್ತದೆ. 60 ಬೇಕಿದ್ದರೆ 4ಕೆ 60 ಹರ್ಟ್ಸ್ ಅಂತ ಬರೆದಿರುವ ಆ್ಯಕ್ಟಿವ್ ಕನ್ವರ್ಟರ್ ತಗೊಳ್ಳಿ. ಮನೆಗೆ ತಂದ ಮೇಲೆ ಧೂಳು ಊದಿ, ಪ್ರೊಸೆಸರ್ ಶಾಖ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿ, ನಾಣ್ಯದಂಥ ಸಿಆರ್2032 ಸೆಲ್ ಹೊಸದು ಹಾಕಿ.

ಸುಮ್ನೆ ಆನ್ ಇದ್ದಾಗ ಇವು 10 ವ್ಯಾಟ್ ಆಸುಪಾಸು ಎಳೆಯುತ್ತವೆ. ದಿನವಿಡೀ ಬಿಟ್ಟರೂ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಕರೆಂಟ್ ಹೋಗಿ ಬಂದಾಗ ತಾನಾಗೇ ಆನ್ ಆಗುವ ಆಯ್ಕೆ ಬಯೋಸ್‌ನಲ್ಲಿದೆ, ಹಾಕಿಟ್ಟುಕೊಳ್ಳಿ.

ಜಾಸ್ತಿ ತಕರಾರು ಬರುವುದು ರಿಮೋಟ್‌ದು. ಟಿವಿ ರಿಮೋಟ್‌ನಿಂದಲೇ ಡಬ್ಬಿ ನಡೆಸುವ ಸಿಇಸಿ ಸೌಲಭ್ಯ ಈ ಆಫೀಸ್ ಪಿಸಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಯುಎಸ್‌ಬಿ ಡಾಂಗಲ್ ಜೊತೆ ಬರುವ ಏರ್ ಮೌಸ್ ರಿಮೋಟ್ (ಗಾಳಿಯಲ್ಲಿ ಆಡಿಸಿದರೆ ಮೌಸ್‌ನಂತೆ ಕೆಲಸ ಮಾಡುವಂಥದ್ದು) ತಗೊಳ್ಳಿ. ಡಾಂಗಲ್ ಅನ್ನು ಯುಎಸ್‌ಬಿ 3 ಹಾರ್ಡ್ ಡಿಸ್ಕ್ ಪಕ್ಕದ ಪೋರ್ಟ್‌ಗೆ ಹಾಕಬೇಡಿ. ಆ ಡಿಸ್ಕಿನ ಗದ್ದಲ 2.4 ಗಿಗಾಹರ್ಟ್ಸ್ ಸಿಗ್ನಲ್ ಕೆಡಿಸಿ ಬಟನ್ ಒತ್ತಿದರೂ ಒತ್ತದ ಹಾಗಾಗುತ್ತದೆ. ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಟಿವಿಯ ಮುಂದಕ್ಕೆ ತಂದಿಡಿ.