ಇಂಬ್ರೋಲ್ಯೊ ಎಂದರೆ ಗೋಜಲು

ಐ-ಎಂ-ಬಿ-ಆರ್-ಒ-ಜಿ-ಎಲ್-ಐ-ಒ. ನಾಮಪದ. ಮಾತಿನಲ್ಲಿ ಅಪರೂಪ, ಇಂಗ್ಲಿಷ್ ಪತ್ರಿಕೆಯ ರಾಜಕೀಯ ಪುಟದಲ್ಲೋ ಜಿಆರ್‌ಇ ಪ್ರವೇಶ ಪರೀಕ್ಷೆಯ ಪದಪಟ್ಟಿಯಲ್ಲೋ ಸಿಗುತ್ತದೆ. ಹಲವರು ಒಬ್ಬರಿಗೊಬ್ಬರು ತೊಡರಿಕೊಂಡು, ಯಾವ ಎಳೆ ಎಳೆದರೂ ಇನ್ನೊಂದು ಬಿಗಿಯುವ ಸ್ಥಿತಿಗೆ ಈ ಹೆಸರು. ಸಿಕ್ಕುಗೊಳಿಸು ಎಂಬ ಇಟಾಲಿಯನ್ ಕ್ರಿಯಾಪದದಿಂದ ಬಂದದ್ದು. ಹಾಗಾಗಿ ಕನ್ನಡದಲ್ಲಿ 'ಗೋಜಲು' ಹೇಳಿಮಾಡಿಸಿದಂತಿದೆ.

ಉಚ್ಚಾರಣೆ: ಇಮ್-ಬ್ರೋಲ್-ಯೊ, ಒತ್ತು 'ಬ್ರೋ' ಮೇಲೆ. ಜಿ ಕೇಳಿಸುವುದಿಲ್ಲ. ಇಟಾಲಿಯನ್‌ನಲ್ಲಿ ಜಿ-ಎಲ್-ಐ ಸೇರಿ ಒಂದೇ ಧ್ವನಿ, 'ಮೌಲ್ಯ'ದ ಲ್ಯಕ್ಕೆ ಹತ್ತಿರ. ಥಾಮಸ್ ಗ್ರೇ 1750ರಲ್ಲಿ ಬರೆದ 'ಎ ಲಾಂಗ್ ಸ್ಟೋರಿ' ಕವನದಲ್ಲಿ ಇದಕ್ಕೆ 'ಫೋಲಿಯೊ' ಪ್ರಾಸ. ಫೋಲಿಯೊ–ಬ್ರೋಲಿಯೊ ಎಂದು ಜೋಡಿ ಮಾಡಿಟ್ಟುಕೊಂಡರೆ ಜಿ ನಾಲಿಗೆಗೆ ಬರುವುದೇ ಇಲ್ಲ. ಗ್ರೇ ಅದನ್ನು ಬಳಸಿದ್ದು ಕಾಗದ-ಪುಸ್ತಕಗಳ ಕಲಸುಮೇಲೋಗರಕ್ಕೆ. ಆ ಅರ್ಥ ಈಗ ಸವೆದಿದೆ. ಚೆಲ್ಲಾಪಿಲ್ಲಿಯಾದ ಕೋಣೆಗೆ ಬಳಸಬೇಡಿ.

ಎಲ್ಲರೂ ಎಡವುವುದು 'ಗೊಂದಲ' ಎಂಬ ಕನ್ನಡ ಅರ್ಥವನ್ನು ಬಾಯಿಪಾಠ ಮಾಡಿದಾಗ. ನಮ್ಮ ಗೊಂದಲ ಎರಡೂ ಕಡೆ ಸಲ್ಲುತ್ತದೆ: ಮನಸ್ಸಿನಲ್ಲೂ ಗೊಂದಲ, ಸಭೆಯಲ್ಲೂ ಗೊಂದಲ. ಇಂಬ್ರೋಲ್ಯೊ ಮನಸ್ಸಿನೊಳಗೆ ಇರುವುದಿಲ್ಲ. ಯಾವ ಕೋರ್ಸ್ ಸೇರಲಿ ಎಂದು ತೋಚದವನು 'ಐ ಆಮ್ ಇನ್ ಆನ್ ಇಂಬ್ರೋಲ್ಯೊ' ಎಂದರೆ ತಪ್ಪು. ಅವನಿಗೆ ಬೇಕಾದ ಪದ 'ಕ್ವಾಂಡರಿ'. ಒಂದು ಪರೀಕ್ಷೆ ಇದೆ, ನನಗೆ ಇದೇ ಇಷ್ಟ: ಆ ವ್ಯಕ್ತಿ ನಿದ್ದೆ ಹೋದರೆ ಗೊಂದಲವೂ ನಿಲ್ಲುತ್ತದೆಯೇ? ನಿಂತರೆ ಅದು ಇಂಬ್ರೋಲ್ಯೊ ಅಲ್ಲ. ಅವನು ಮಲಗಿದ್ದರೂ ನೋಟಿಸು, ಅರ್ಜಿ, ಪ್ರತಿ-ಅರ್ಜಿ ಓಡಾಡುತ್ತಲೇ ಇದ್ದರೆ ಹೌದು.

2019ರ ಜುಲೈನಲ್ಲಿ ಕರ್ನಾಟಕದಲ್ಲಿ ಆದದ್ದನ್ನು ಈ ಪರೀಕ್ಷೆಗೆ ಹಚ್ಚಿ. ಸಮ್ಮಿಶ್ರ ಸರ್ಕಾರದ ಶಾಸಕರು ರಾಜೀನಾಮೆ ಕೊಟ್ಟು ಮುಂಬೈ ಹೋಟೆಲಿನಲ್ಲಿ ಕೂತರು. ರಾಜೀನಾಮೆ ಇತ್ಯರ್ಥವಾಗದೆ ಸದನದ ಬಲಾಬಲ ತಿಳಿಯದು. ಪಕ್ಷ ತನ್ನ ಶಾಸಕರಿಗೆ ವಿಪ್ (ಕಡ್ಡಾಯ ಆದೇಶ) ಕೊಟ್ಟರೆ, ಮೀರಿದವರ ಅನರ್ಹತೆಯ ಪ್ರಶ್ನೆ. ಸದನಕ್ಕೆ ಬರಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ ಎಂದು 17ರಂದು ಸುಪ್ರೀಂ ಕೋರ್ಟ್ ಹೇಳಿತು. ಆಗ ವಿಪ್‌ನ ಗತಿಯೇನು ಎಂಬ ಹೊಸ ಗಂಟು. 23ರಂದು 99–105 ಮತಗಳಲ್ಲಿ ಸರ್ಕಾರ ಬೀಳುವವರೆಗೆ ಎಳೆಗಳು ಬಿಡಿಸಿಕೊಳ್ಳಲಿಲ್ಲ. ಇದು ಅಚ್ಚುಕಟ್ಟಾದ ಪೊಲಿಟಿಕಲ್ ಇಂಬ್ರೋಲ್ಯೊ. 'ಪೊಲಿಟಿಕಲ್' ಜಾಗದಲ್ಲಿ ಡಿಪ್ಲೊಮ್ಯಾಟಿಕ್, ಲೀಗಲ್ ಕೂಡ ಸೇರುತ್ತವೆ. ಎಣಿಸಬಹುದಾದ ನಾಮಪದ, ಆದ್ದರಿಂದ 'ಆನ್' ಬಿಡಬೇಡಿ. ಬಹುವಚನಕ್ಕೆ ಬರೀ ಎಸ್.

ಕ್ರಿಯಾಪದ ಬೇಕಾದರೆ 'ಎಂಬ್ರಾಯ್ಲ್', ಫ್ರೆಂಚ್ ದಾರಿಯಲ್ಲಿ ಬಂದ ದಾಯಾದಿ. 'ಆ ಗೋಜಿಗೆ ಹೋಗಬೇಡ' ಎನ್ನುವಾಗಿನ ಗೋಜಿಗೆ ಎಳೆಯುವುದು. ಇಂದಿನ ಇಟಾಲಿಯನ್‌ನಲ್ಲಿ ಇಂಬ್ರೋಲ್ಯೊ ಎಂದರೆ ಮೋಸವೂ ಹೌದು. ಆ ಅರ್ಥವನ್ನು ಇಂಗ್ಲಿಷಿಗೆ ಹೊತ್ತು ತರಬೇಡಿ: ಹಗರಣದಲ್ಲಿ ತಪ್ಪಿತಸ್ಥನಿರುತ್ತಾನೆ, ಇಂಬ್ರೋಲ್ಯೊದಲ್ಲಿ ಇರಲೇಬೇಕೆಂದಿಲ್ಲ.